ಹತ್ತಕ್ಕೆ ಹತ್ತು ಕೊಟ್ಟವಳು

ಸಿಡಿಲಕ್ಕ ತೀರಿಕೊಂಡಳು. ಬುಧವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ, ಆಸ್ಪತ್ರೆಯ ಎರಡನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಕಿಟಕಿಯಿಂದ ಮೂರನೇ ಮಂಚದ ಮೇಲೆ. ವಯಸ್ಸು ಐವತ್ತೇಳು. ಪಿತ್ತಕೋಶದಲ್ಲಿ ಹುಟ್ಟಿದ ಗಂಟು ಯಕೃತ್ತಿಗೆ ಹಬ್ಬಿ ಏಳು ತಿಂಗಳಾಗಿತ್ತು. ಮೂವತ್ತೊಂದು ವರ್ಷ ಆಂಬುಲೆನ್ಸುಗಳ ನಡುವೆ ಬದುಕಿದವಳು ಯಾವ ಗಾಡಿಗೂ ಸಿಕ್ಕದೆ, ಯಾವ ಗೋಡೆಗೂ ಬಡಿಯದೆ ಹಾಸಿಗೆಯಲ್ಲಿ ಸತ್ತಳು.

ಮಾರನೇ ದಿನ ಆಂಬುಲೆನ್ಸ್ ಗ್ಯಾರೇಜಿನ ನೋಟೀಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. ‘ಶಾಂತ ಸ್ವಭಾವದವರೂ ಎಲ್ಲರಿಗೂ ಬೇಕಾದವರೂ ಆಗಿದ್ದ ನಮ್ಮ ಹಿರಿಯ ತರಬೇತುದಾರರು’ ಎಂದು ಅದರಲ್ಲಿತ್ತು. ಶಾಂತ ಸ್ವಭಾವದವಳಿಗೆ ಸಿಡಿಲಕ್ಕ ಎಂದು ಯಾರು ಹೆಸರಿಡುತ್ತಾರೆ? ಅವಳ ಸಿಟ್ಟು ಮೂಗಿನ ತುದಿಯಲ್ಲಿರಲಿಲ್ಲ, ಅಷ್ಟು ದೂರವೂ ಅದಕ್ಕೆ ಇಷ್ಟವಿರಲಿಲ್ಲ. ನಾಲಗೆಯ ಮೇಲೇ ಮನೆ ಮಾಡಿಕೊಂಡಿತ್ತು. ಎಲ್ಲರಿಗೂ ಬೇಕಾದವಳಾಗಿದ್ದಳು ಎನ್ನುವುದು ಇನ್ನೂ ದೊಡ್ಡ ಸುಳ್ಳು. ಕೊನೆಯ ಎರಡೂವರೆ ವರ್ಷ ಆ ಹಾಳೆಗೆ ಸಹಿ ಹಾಕಿದ ಗ್ಯಾರೇಜಿನ ಸಾಹೇಬರೇ ಅವಳು ಬರುತ್ತಾಳೆಂದರೆ ಹಿಂಬಾಗಿಲಿನಿಂದ ಹೋಗುತ್ತಿದ್ದರು. ಬದುಕಿದ್ದಾಗ ಮುಚ್ಚಿಸಲಾಗದ ಬಾಯನ್ನು ಸತ್ತ ಮೇಲೆ ಹೊಗಳಿಕೆ ತುರುಕಿ ಮುಚ್ಚಿಸಿದ್ದಾರೆ. ಅವಳು ಹೇಗಿದ್ದಳು, ಯಾಕೆ ಸಿಡಿಯುತ್ತಿದ್ದಳು ಎಂಬುದನ್ನು ಯಾರಾದರೂ ಒಂದು ಕಡೆ ಸರಿಯಾಗಿ ಬರೆದಿಡಬೇಕು.

ಅವಳ ಅಪ್ಪ ಕಲ್ಲುಗಣಿಯ ಲಾರಿ ಓಡಿಸುತ್ತಿದ್ದವನು. ಮೂರು ಹೆಣ್ಣುಮಕ್ಕಳಲ್ಲಿ ಇವಳು ನಡುವಿನವಳು. ಅಪ್ಪನಿಗೆ ಬುತ್ತಿ ಕೊಂಡೊಯ್ಯುವ ನೆಪದಲ್ಲಿ ಹೋಗಿ ಹೋಗಿ, ಕಲ್ಲು ತುಂಬಿದ ಲಾರಿಯನ್ನು ಹದಿನಾರನೇ ವಯಸ್ಸಿಗೇ ಹಿಮ್ಮುಖವಾಗಿ ಏರಿಸಲು ಕಲಿತಳು. ಇಪ್ಪತ್ತಾರಕ್ಕೆ ಆಂಬುಲೆನ್ಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಾಗ ಆಗಿನ ಹೆಡ್ ಕ್ಲಾರ್ಕು, “ಹೆಂಗಸು ಗಾಡಿ ಹೊಡೀತಾಳೆ ಅಂತ ಗೊತ್ತಾದ್ರೆ ರೋಗಿ ದಾರೀಲೇ ಹೆದರಿ ಸಾಯ್ತಾನಮ್ಮ” ಎಂದಿದ್ದರಂತೆ.

“ನೀವೇ ಸ್ಟ್ರೆಚರ್ ಮೇಲೆ ಮಲಕ್ಕೊಳಿ ಸ್ವಾಮಿ. ಒಂದು ಸುತ್ತು ಹಾಕ್ಸಿಕೊಂಡು ಬರ್ತೀನಿ. ನೀವು ಸತ್ರೆ ನಂಗೆ ಕೆಲಸ ಬೇಡ.”

ಹೆಡ್ ಕ್ಲಾರ್ಕು ಮಲಗಲಿಲ್ಲ. ಕೆಲಸ ಸಿಕ್ಕಿತು.

ಹನ್ನೆರಡು ವರ್ಷ ಗಾಡಿ ಓಡಿಸಿ, ಮೂವತ್ತೆಂಟಕ್ಕೆ ತರಬೇತುದಾರಳಾದಳು. ಹೊಸ ಡ್ರೈವರುಗಳಿಗೆ ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಆರು ವಾರ ಪಾಠ, ಕೊನೆಗೆ ಒಂದು ಹಾಳೆಯ ಮೇಲೆ ನೂರು ಅಂಕದ ಪರೀಕ್ಷೆ. ಆ ಹಾಳೆಯಲ್ಲಿ ಏಳನೇ ಸಾಲು ‘ಬಿಟ್ಟು ಬಿಟ್ಟು ಬ್ರೇಕ್ ಒತ್ತುವುದು: ಹತ್ತು ಅಂಕ’. ಅವಳ ಹೆಮ್ಮೆಯೆಲ್ಲ ಇದ್ದದ್ದು ಆ ಸಾಲಿನಲ್ಲಿ. ಹಳೆಯ ಗಾಡಿಗಳಲ್ಲಿ ಗಾಬರಿಯಾಗಿ ಬ್ರೇಕನ್ನು ಒಮ್ಮೆಲೇ ತುಳಿದರೆ ಚಕ್ರ ಪೂರ್ತಿ ನಿಂತುಬಿಡುತ್ತಿತ್ತು. ಚಕ್ರ ನಿಂತಿತೆಂದರೆ ಗಾಡಿ ನಿಂತಿತೆಂದಲ್ಲ. ನಿಂತ ಚಕ್ರ ಬಚ್ಚಲಿನ ಕಲ್ಲಿನ ಮೇಲೆ ಜಾರುವ ಹಿಮ್ಮಡಿಯಂತೆ ಗಾಡಿಯನ್ನು ಹೊತ್ತುಕೊಂಡು ನೇರ ಹೋಗುತ್ತದೆ. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಅದಕ್ಕೆ ಕಿವಿಯಿಲ್ಲ. ಅದಕ್ಕೇ ಒತ್ತಬೇಕು, ಚಕ್ರ ಸಿಕ್ಕಿಬೀಳುವ ಮೊದಲೇ ಬಿಡಬೇಕು, ಮತ್ತೆ ಒತ್ತಬೇಕು. ಒತ್ತು, ಬಿಡು, ಒತ್ತು, ಬಿಡು. ಅವಳಿಗೆ ಇದನ್ನು ಹೇಳಿಕೊಟ್ಟದ್ದು ಹಿಂದಿನ ಮೇಷ್ಟ್ರು, ಅವರಿಗೆ ಅವರ ಹಿಂದಿನವರು.

ಪಕ್ಕದ ಸೀಟಿನಲ್ಲಿ ಕೂತು ಅವಳು ಕಲಿಸುವಾಗಿನ ಬೈಗುಳ ಅಂಗಳದಾಚೆಯ ಟೀ ಅಂಗಡಿಗೂ ಕೇಳಿಸುತ್ತಿತ್ತು.

“ಏನಪ್ಪಾ, ಬ್ರೇಕ್ ತುಳೀತಿದ್ಯೋ, ಇರುವೆ ಸವರ್ತಿದ್ಯೋ?”

“ಒತ್ತಿದ್ದೀನಕ್ಕ.”

“ನೀನು ಒತ್ತಿದ್ದು ಗಾಡಿಗೆ ಗೊತ್ತಾಗ್ಬೇಡ್ವಾ? ಒಂದು ಕಾಗದ ಬರ್ದು ತಿಳಿಸ್ತೀಯಾ?”

ಹದಿನಾರು ವರ್ಷದಲ್ಲಿ ಏಳನೇ ಸಾಲಿಗೆ ಹತ್ತಕ್ಕೆ ಹತ್ತು ಕೊಟ್ಟದ್ದು ಒಬ್ಬನಿಗೆ ಮಾತ್ರ. ಅವನನ್ನು ಎಲ್ಲರೂ ಬೆಕ್ಕಣ್ಣ ಎನ್ನುತ್ತಿದ್ದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋದಷ್ಟು ಮೆತ್ತಗೆ ರೋಗಿಯನ್ನು ಕೊಂಡೊಯ್ಯುತ್ತಿದ್ದ. ಸಿಡಿಲಕ್ಕ ಯಾರನ್ನೂ ಎದುರಿಗೆ ಹೊಗಳಿದವಳಲ್ಲ. ಅವನಿಗೆ ಅಂಕದ ಹಾಳೆ ಕೊಟ್ಟು, “ತಗೋ. ಕಾಲಿದೆ ನಿಂಗೆ. ತಲೆ ಇದೆಯೋ ಇಲ್ವೋ ಮುಂದೆ ನೋಡೋಣ” ಎಂದಿದ್ದಳು. ಅವನು ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಮೂರು ವರ್ಷದ ಹಿಂದೆ ಹನ್ನೊಂದು ಹೊಸ ಗಾಡಿಗಳು ಬಂದವು. ಸಾಹೇಬರು ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ ಟೀ ಕೊಡಿಸಿದರು. ಹೊಸ ಗಾಡಿಗೆ ಎಬಿಎಸ್ ಇದೆ ಎಂದು ಪಟ್ಟಿಯಲ್ಲಿ ಓದಿದರು; ಹವಾನಿಯಂತ್ರಣ ಇದೆ, ಹಿಂದಿನ ಬಾಗಿಲು ಅಗಲ ಇದೆ ಎಂದು ಓದಿದ ಅದೇ ಉಸಿರಿನಲ್ಲಿ. ಪ್ರತಿ ಗಾಡಿಯ ಜೊತೆ ಬಂದ ಪುಸ್ತಕವನ್ನು ಕಳೆದುಹೋಗಬಾರದೆಂದು ಪ್ಲಾಸ್ಟಿಕ್ ಕವರಿನ ಸಮೇತ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹನ್ನೊಂದೂ ಪುಸ್ತಕ ಅಲ್ಲಿ ಸುರಕ್ಷಿತವಾಗಿದ್ದವು. ಯಾರ ಕಣ್ಣೂ ತಾಗಲಿಲ್ಲ.

ಸಿಡಿಲಕ್ಕ ಅಂದು ಕೇಳಿದ್ದಳು. “ಸಾರ್, ಹೊಸ ಬ್ರೇಕಿಗೆ ಹೊಸ ಪಾಠ ಏನಾದ್ರೂ ಬೇಕಾ?”

“ಬ್ರೇಕ್ ಅಂದ್ರೆ ಬ್ರೇಕೇ ಅಮ್ಮ. ಕಾಲಲ್ಲಿ ಒತ್ತೋದು ಕೈಗೇನಾದ್ರೂ ಬಂದಿದ್ಯಾ?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗೆಯನ್ನು ಅವಳು ಸಾಯುವವರೆಗೂ ಕ್ಷಮಿಸಲಿಲ್ಲ. ಸಾಹೇಬರ ನಗೆಯನ್ನಲ್ಲ, ತನ್ನದನ್ನು.

ಐದು ತಿಂಗಳು ಏನೂ ಆಗಲಿಲ್ಲ. ಬ್ರೇಕಿನ ನಿಜವಾದ ಪರೀಕ್ಷೆ ದಿನಾ ಬರುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬೆಕ್ಕಣ್ಣ ಒಬ್ಬ ಮೂತ್ರಪಿಂಡದ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಹಿಂದೆ ನರ್ಸಮ್ಮ ನಿಂತು ರೋಗಿಯ ಕೈಗೆ ಹಾಕಿದ್ದ ಸೂಜಿ ಸರಿಮಾಡುತ್ತಿದ್ದಳು. ಗೋದಾಮುಗಳ ಬೀದಿಯಲ್ಲಿ ಇಳಿಜಾರು, ಇಳಿಜಾರಿನಲ್ಲಿ ಬಲಕ್ಕೊಂದು ತಿರುವು. ನೀರಿನ ಪೈಪು ಒಡೆದು ರಸ್ತೆಯೆಲ್ಲ ಒದ್ದೆ. ತಿರುವು ಅರ್ಧ ದಾಟುತ್ತಲೇ ಎದುರಿಗೆ ಹಾಸಿಗೆಗಳನ್ನು ಪೇರಿಸಿಕೊಂಡ ತಳ್ಳುಗಾಡಿ ಅಡ್ಡ ಬಂತು. ಬೆಕ್ಕಣ್ಣ ಬ್ರೇಕ್ ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ಗಾಡಿ ಮೂತಿ ಬಗ್ಗಿಸಿ ಎತ್ತಿ ಬಗ್ಗಿಸಿ ಎತ್ತಿ ಕುಪ್ಪಳಿಸುತ್ತ ಹೋಯಿತು. ನಿಲ್ಲುವುದಿಲ್ಲವೆಂದು ತಿಳಿದಾಗ ತಳ್ಳುಗಾಡಿಯವನನ್ನು ಉಳಿಸಲು ಸ್ಟಿಯರಿಂಗ್ ಎಳೆದ. ಗಾಡಿಯ ಮಗ್ಗುಲು ಗೋದಾಮಿನ ಕಬ್ಬಿಣದ ಗೇಟಿನ ಕಂಬಕ್ಕೆ ಬಡಿಯಿತು. ಇನ್ನು ಎಂಟು ಹೆಜ್ಜೆ ಜಾಗ ಉಳಿದಿದ್ದರೆ ತಾನಾಗಿಯೇ ನಿಲ್ಲುತ್ತಿತ್ತು.

ಬೆಲ್ಟು ಬಿಗಿದಿದ್ದ ರೋಗಿಗೆ ಏನೂ ಆಗಲಿಲ್ಲ. ನರ್ಸಮ್ಮನ ಬಲ ಭುಜ ಮೂರು ಕಡೆ ಮುರಿಯಿತು. ಆ ಕೈ ಇವತ್ತಿಗೂ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ.

ವಿಚಾರಣೆ ಹನ್ನೊಂದು ದಿನದಲ್ಲಿ ಮುಗಿಯಿತು. ಬ್ರೇಕ್ ಸುಸ್ಥಿತಿಯಲ್ಲಿತ್ತು, ಎಬಿಎಸ್ ಸುಸ್ಥಿತಿಯಲ್ಲಿತ್ತು, ಆದ್ದರಿಂದ ತಪ್ಪು ಚಾಲಕನದು. ಬೆಕ್ಕಣ್ಣನನ್ನು ಕೆಲಸದಿಂದ ತೆಗೆದರು, ಲೈಸೆನ್ಸ್ ಕಿತ್ತುಕೊಂಡರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರು ಎಂದು ಈಗ ಹೇಳುವುದು ಸುಲಭ. ಆಗ ಸಿಡಿಲಕ್ಕನೇ ಬರೆ ಹಾಕಲು ಹೊರಟವಳು. ತನ್ನ ಹತ್ತು ಅಂಕಕ್ಕೆ ಮಸಿ ಬಳಿದನಲ್ಲ ಎಂದು ಹೊಟ್ಟೆ ಉರಿದು, ಅವನ ಮನೆಗೆ ಹೋದಳು.

ಒಂದು ಕೋಣೆ, ಒಂದು ಅಡುಗೆಮೂಲೆ. ಬೆಕ್ಕಣ್ಣ ಕಬ್ಬಿಣದ ಮಂಚದ ಅಂಚಿನಲ್ಲಿ ಕೂತಿದ್ದ. ಹೆಂಡತಿ ಬಾಗಿಲಲ್ಲೇ ನಿಂತು, ಬಂದವಳನ್ನು ಒಳಗೆ ಬಿಡಬೇಕೋ ಬೇಡವೋ ಎಂದು ನೋಡುತ್ತಿದ್ದಳು.

“ಗಾಡಿ ಓಡಿಸ್ತಾ ನಿದ್ದೆ ಮಾಡ್ತಿದ್ಯಾ?” ಎಂದಳು ಸಿಡಿಲಕ್ಕ, ನಿಂತುಕೊಂಡೇ.

“ಇಲ್ಲಕ್ಕ.”

“ಮತ್ತೆ ಹನ್ನೊಂದು ಹೊಸಾ ಗಾಡಿಗಳಲ್ಲಿ ಒಂದನ್ನ ತಗೊಂಡು ಹೋಗಿ ಕಂಬಕ್ಕೆ ಮುತ್ತು ಕೊಡ್ಸಿದ್ಯಲ್ಲೋ. ನಾನು ಹೇಳ್ಕೊಟ್ಟಿದ್ದನ್ನ ಯಾವ ಹಳ್ಳಕ್ಕೆ ಹಾಕ್ದೆ?”

“ಹಳ್ಳಕ್ಕೆ ಹಾಕ್ಲಿಲ್ಲಕ್ಕ. ನೀವು ಹೇಳ್ಕೊಟ್ಟ ಹಾಗೇ ಮಾಡ್ದೆ.” ಅವನು ಮಂಚದ ಕೆಳಗೆ ಬರಿಗಾಲಿನಿಂದ ನೆಲ ಒತ್ತಿ ತೋರಿಸಿದ. “ಮೊದಲ ಸಲ ಒತ್ತಿದಾಗ ಪೆಡಲ್ ಕಾಲಡಿ ಗಡಗಡ ನಡುಗಿತು. ಯಾರೋ ಒಳಗಿಂದ ಒದ್ದ ಹಾಗೆ. ಚಕ್ರ ಸಿಕ್ಕಿಬಿತ್ತು ಅಂದ್ಕೊಂಡೆ. ಸಿಕ್ಕಿಬಿದ್ರೆ ಬಿಡ್ಬೇಕು ಅಲ್ವಾ? ಬಿಟ್ಟೆ. ಮತ್ತೆ ಒತ್ತಿದೆ, ಮತ್ತೆ ಹಾಗೇ ಒದೀತು. ಮತ್ತೆ ಬಿಟ್ಟೆ.”

“ಎಷ್ಟು ಸಲ?”

“ನಾಲ್ಕು ಸಲ. ಲೆಕ್ಕ ತಪ್ಪಲಿಲ್ಲಕ್ಕ.”

ಹೆಂಡತಿ ಬಾಗಿಲಿನಿಂದ ಹೇಳಿದಳು: “ಜೇಬಲ್ಲಿ ಇನ್ನೂ ನಿಮ್ಮ ಹಾಳೆ ಇದೆ. ಬೇಕಾದ್ರೆ ತಗೊಂಡು ಹೋಗಿ.”

ಸಿಡಿಲಕ್ಕ ಹಾಳೆ ತೆಗೆದುಕೊಳ್ಳಲಿಲ್ಲ. ನೇರ ಗ್ಯಾರೇಜಿಗೆ ಬಂದಳು. ಮೆಕ್ಯಾನಿಕ್ ಮೇಸ್ತ್ರಿ ಹೊಸ ಗಾಡಿಯೊಂದನ್ನು ಜ್ಯಾಕಿನ ಮೇಲೆತ್ತಿ ಮುಂದಿನ ಚಕ್ರ ಬಿಚ್ಚಿದ್ದ. ಪೆಡಲ್ ಯಾಕೆ ಒದೆಯುತ್ತದೆ ಎಂದು ಕೇಳಿದಳು. ಅವನು ಎಣ್ಣೆ ಬಟ್ಟೆಯಿಂದ ಒರೆಸಿ ತೋರಿಸಿದ.

“ನೋಡಕ್ಕ, ಎಬಿಎಸ್ ಅಂದ್ರೆ ಇದೇ. ಇಲ್ಲೊಂದು ಹಲ್ಲಿನ ಬಳೆ ಇದೆ. ನಾಲ್ಕೂ ಚಕ್ರಕ್ಕೂ ಇದೆ. ಪಕ್ಕದಲ್ಲಿ ಈ ಸೆನ್ಸರು. ಬಳೆ ತಿರುಗ್ತಿದ್ರೆ ಇದು ಹಲ್ಲು ಎಣಿಸ್ತಾ ಕೂತಿರತ್ತೆ. ಬ್ರೇಕ್ ಹೊಡೆದಾಗ ಯಾವ್ದಾದ್ರೂ ಚಕ್ರ ಇದ್ದಕ್ಕಿದ್ದ ಹಾಗೆ ನಿಲ್ಲೋಕೆ ಹೊರಟ್ರೆ ಹಲ್ಲು ಬರೋದು ನಿಧಾನ ಆಗತ್ತೆ. ಮುಂದೆ ಇರೋ ಪೆಟ್ಟಿಗೆಗೆ ಗೊತ್ತಾಗತ್ತೆ. ಆ ಚಕ್ರದ ಬ್ರೇಕ್ ಮಾತ್ರ ಸಡಿಲ ಮಾಡತ್ತೆ. ಅದು ತಿರುಗಿದ ತಕ್ಷಣ ಮತ್ತೆ ಹಿಡಿಯತ್ತೆ. ಹಿಡಿ, ಬಿಡು, ಹಿಡಿ, ಬಿಡು.”

“ನಾನು ಹೇಳ್ಕೊಡೋದೂ ಅದೇ ಅಲ್ವೇನೋ.”

“ಅದೇ. ನೀವು ಸೆಕೆಂಡಿಗೆ ಎಷ್ಟು ಸಲ ಒತ್ತಿ ಬಿಡ್ತೀರಿ?”

“ಎರಡು. ಕಾಲು ಚುರುಕಾಗಿದ್ರೆ ಮೂರು.”

“ಇದು ಹತ್ತು ಸಲ, ಅದಕ್ಕೂ ಜಾಸ್ತಿ. ಅದೂ ಬೇರೆ ಬೇರೆ ಚಕ್ರಕ್ಕೆ ಬೇರೆ ಬೇರೆ. ನಿಮಗೆ ಬ್ರೇಕ್ ಮೇಲಿಡೋಕೆ ಇರೋದು ಒಂದು ಕಾಲು. ನೀವು ಮಾಡೋ ಕೆಲ್ಸ ಅದು ಮಾಡ್ತಿದೆ. ಪೆಡಲ್ ಒದೆಯೋದು ಅದಕ್ಕೇ. ‘ನಾನು ನೋಡ್ಕೋತಿದ್ದೀನಿ, ನೀನು ಕಾಲು ತೆಗೀಬೇಡ’ ಅಂತ.”

“ತೆಗೆದ್ರೆ?”

“ತೆಗೆದ್ರೆ ಯಜಮಾನ್ರಿಗೆ ನಿಲ್ಲೋದು ಬೇಕಿಲ್ಲ ಅಂದ್ಕೊಳ್ಳತ್ತೆ. ಅಷ್ಟು ಹೊತ್ತು ಬ್ರೇಕೇ ಇಲ್ಲ.”

ಸಿಡಿಲಕ್ಕ ಜ್ಯಾಕಿನ ಪಕ್ಕದ ಟೈರಿನ ಮೇಲೆ ಕೂತಳು. ಆಮೇಲೆ ಕೇಳಿದಳು. “ನಿಂಗಿದು ಯಾವಾಗಿಂದ ಗೊತ್ತು?”

“ಗಾಡಿ ಬಂದ ವಾರದಿಂದ.”

“ಮತ್ಯಾಕೋ ಬಾಯಿ ಬಿಡ್ಲಿಲ್ಲ?”

“ಯಾರು ಕೇಳಿದ್ರು ಅಕ್ಕ? ಪಾಠ ನಿಮ್ದು. ನಾನು ಎಣ್ಣೆ ಕೈಯವ. ನಿಮಗೆ ಪಾಠ ಹೇಳೋಕೆ ಬಂದಿದ್ರೆ ಸುಮ್ನೆ ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಆದರೂ ಕಣ್ಣಾರೆ ನೋಡದೆ ನಂಬುವವಳಲ್ಲ. ಅವಳ ಗಂಡ ಟೈಲರ್. ಮನೆಯಲ್ಲಿ ಶಾಂತ ಸ್ವಭಾವ ಯಾರಿಗಾದರೂ ಇದ್ದರೆ ಅದು ಅವನಿಗೆ. ಅವನು ಹಳೆಯ ಜಾಹೀರಾತು ಫ್ಲೆಕ್ಸುಗಳನ್ನು ಒಂದಕ್ಕೊಂದು ಹೊಲಿದು ಅಂಗಳದುದ್ದದ ಹಾಸು ಮಾಡಿಕೊಟ್ಟ. ಭಾನುವಾರ ಅದನ್ನು ಹಾಸಿ, ಸಾಬೂನು ನೀರು ಸುರಿದರು. ಹಾಸಿನ ನಡುವೆ ಟೂತ್‌ಪೇಸ್ಟಿನ ಹೆಂಗಸೊಬ್ಬಳು ಆಳುದ್ದದ ಹಲ್ಲು ತೋರಿಸುತ್ತಿದ್ದಳು.

ಸಿಡಿಲಕ್ಕ ನಲವತ್ತರ ವೇಗದಲ್ಲಿ ಬಂದು ಮೊದಲು ತನ್ನ ರೀತಿಯಲ್ಲಿ ಬ್ರೇಕ್ ಹಾಕಿದಳು: ಒತ್ತು, ಬಿಡು, ಒತ್ತು, ಬಿಡು. ಗಾಡಿ ನಿಂತ ಜಾಗಕ್ಕೆ ಟೈಲರು ಕಲ್ಲಿಟ್ಟ. ಆಮೇಲೆ ಮೇಸ್ತ್ರಿ ಹೇಳಿದಂತೆ ಒಂದೇ ಸಲ ತುಳಿದು ಹಿಡಿಯಲು ಹೊರಟಳು. ಪೆಡಲ್ ಒದೆಯಿತು. ಕಾಲು ತಾನಾಗಿ ಮೇಲೆದ್ದಿತು. ಎರಡನೇ ಸಲವೂ ಎದ್ದಿತು. ಮೂರನೇ ಸಲವೂ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣ ಅದಕ್ಕಿಂತ ಮೊಂಡು. ಆರು ಸಲ ಅವಳ ಕಾಲು ಅವಳ ಮಾತು ಕೇಳಲಿಲ್ಲ. ಗಾಡಿಯಿಂದ ಇಳಿದು ತನ್ನ ಬಲತೊಡೆಗೆ ತಾನೇ ಮುಷ್ಟಿಯಿಂದ ಗುದ್ದಿಕೊಂಡಳು.

“ಪಾಪದ ಕಾಲಿಗೆ ಯಾಕೆ ಹೊಡೀತೀಯ? ಹೇಳ್ಕೊಟ್ಟಿದ್ದು ಮಾಡ್ತಿದೆ” ಎಂದ ಟೈಲರು.

“ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕ್ತಿರೋದು.”

ಏಳನೇ ಸಲ ಕಾಲು ನಿಂತಿತು. ಗಡಗಡ ನಡುಗುವ ಪೆಡಲನ್ನು ಹಲ್ಲು ಕಚ್ಚಿ ಒತ್ತಿ ಹಿಡಿದಳು. ಗಾಡಿ ಮೊದಲಿನ ಕಲ್ಲಿಗಿಂತ ಹನ್ನೊಂದು ಹೆಜ್ಜೆ ಹಿಂದೆಯೇ ನಿಂತಿತು. ಮತ್ತೆ ಅಳೆದಳು. ಹನ್ನೊಂದೇ. ಬೆಕ್ಕಣ್ಣನಿಗೆ ಬೇಕಿದ್ದದ್ದು ಎಂಟು.

ಮಧ್ಯಾಹ್ನ ಡ್ರಮ್ಮುಗಳನ್ನು ಸಾಲಾಗಿ ಇಟ್ಟು ತಿರುವು ಮಾಡಿದರು. ತಿರುವಿನ ಲೆಕ್ಕ ಅವಳ ತಲೆಗೆ ಹತ್ತಿದ್ದು ಗಂಡನ ಮಾತಿನಿಂದ. ನೆಲದ ಮೇಲೆ ಟೈರಿಗಿರುವ ಹಿಡಿತ ಒಂದೇ. ಅದರಲ್ಲೇ ನಿಲ್ಲಬೇಕು, ಅದರಲ್ಲೇ ತಿರುಗಬೇಕು ಎಂದು ಮೇಸ್ತ್ರಿ ವಿವರಿಸುತ್ತಿದ್ದಾಗ ಟೈಲರು ನಡುವೆ ಬಾಯಿ ಹಾಕಿದ. “ಒಂದೇ ತುಂಡು ಬಟ್ಟೆ. ಎಲ್ಲಾನೂ ಅಂಗಿಗೆ ಕತ್ತರಿಸಿದ್ರೆ ಪ್ಯಾಂಟಿಗೆ ಎಲ್ಲಿಂದ ತರ್ತೀಯ? ಚಕ್ರ ಸಿಕ್ಕಿಬಿದ್ರೆ ಬಟ್ಟೆಯೆಲ್ಲ ನಿಲ್ಲೋದಕ್ಕೇ ಹೋಯ್ತು. ಇದು ಒಂಚೂರು ತಿರುಗೋಕೆ ಅಂತ ಉಳಿಸ್ಕೊಡ್ತಿದೆ. ಅಷ್ಟೇ ಅಲ್ವಾ?”

“ಅಷ್ಟೇ” ಎಂದ ಮೇಸ್ತ್ರಿ. “ತಿರುವಿನಲ್ಲಿ ಗಾಡಿ ಹೊರಮಗ್ಗುಲಿಗೆ ವಾಲತ್ತೆ. ಒಳಮಗ್ಗುಲ ಚಕ್ರದ ಮೇಲೆ ಭಾರ ಕಮ್ಮಿ, ಅದೇ ಮೊದ್ಲು ಸಿಕ್ಕಿಬೀಳೋದು. ಪೆಟ್ಟಿಗೆ ಅದನ್ನ ಸಡಿಲ ಬಿಟ್ಟು, ಭಾರ ಇರೋದನ್ನ ಗಟ್ಟಿ ಹಿಡಿಯತ್ತೆ. ಆದ್ರೆ ಅಕ್ಕ, ಇದು ಬಟ್ಟೆ ನೇಯಲ್ಲ. ತಿರುವಿಗೆ ಬರೋ ಮೊದ್ಲೇ ವೇಗ ಜಾಸ್ತಿ ಇದ್ರೆ ಇದೂ ಕೈ ಎತ್ತತ್ತೆ. ಜಲ್ಲಿ ರಸ್ತೇಲಿ ನಿಲ್ಲೋಕೆ ಇನ್ನೂ ದೂರಾನೇ ಹೋಗ್ಬಹುದು. ಕಾಲು ಬಿಡದೆ, ಕಣ್ಣು ಹೋಗ್ಬೇಕಾದ ಕಡೆ ಇಟ್ಟು, ಸ್ಟಿಯರಿಂಗ್ ನಿಧಾನ ತಿರುಗಿಸ್ಬೇಕು. ಅಷ್ಟು ಮಾಡಿದ್ರೆ ಅದರ ಕೈಲಾದ್ದು ಅದು ಮಾಡತ್ತೆ.”

ಒದ್ದೆ ಹಾಸಿನ ಮೇಲೆ ಪೂರ್ತಿ ಬ್ರೇಕ್ ತುಳಿದುಕೊಂಡೇ ಸಿಡಿಲಕ್ಕ ಡ್ರಮ್ಮುಗಳ ಪಕ್ಕದಿಂದ ಬಲಕ್ಕೆ ತಿರುಗಿಸಿ ನಿಲ್ಲಿಸಿದಳು. ಒಂದು ಡ್ರಮ್ಮೂ ಬೀಳಲಿಲ್ಲ. ಹಳೆಯ ಗಾಡಿಯಲ್ಲಿ ಇದು ಸಾಧ್ಯವೇ ಇರಲಿಲ್ಲ. ಇಳಿದು ಬಂದವಳ ಮುಖ ನೋಡಿ ಖುಷಿಯಾಗಿದ್ದಾಳೆ ಎಂದು ಟೈಲರು ಅಂದುಕೊಂಡ. ಅವಳು ಅಳುತ್ತಿದ್ದಳು.

ಸೋಮವಾರ ಸಾಹೇಬರ ಕೋಣೆಗೆ ಹೋಗಿ ನಿಂತಳು. ಬೆಕ್ಕಣ್ಣನದು ತಪ್ಪಲ್ಲ, ಪಾಠದ್ದು ತಪ್ಪು, ಪಾಠ ನನ್ನದು, ಹಾಗಂತ ಬರೆದುಕೊಳ್ಳಿ ಎಂದಳು.

“ಕಡತ ಮುಗಿದಿದೆ ಅಮ್ಮ.”

“ತೆಗೀರಿ ಮತ್ತೆ.”

“ನೀವ್ಯಾಕೆ ಇಲ್ಲದ ಹಾವನ್ನ ಮೈಮೇಲೆ ಎಳ್ಕೋತೀರಿ? ನಾಳೆ ನಿಮ್ಮನ್ನೇ ವಿಚಾರಣೆಗೆ ಕರೀತಾರೆ.”

“ಕರೀಲಿ ಅಂತಾನೇ ಬಂದಿದ್ದೀನಿ. ಏಳನೇ ಸಾಲು ಪರೀಕ್ಷೆ ಹಾಳೇಲಿ ಇನ್ನೂ ಇದೆ. ಇವತ್ತೂ ಹೊಸ ಗಾಡೀಲಿ ಕೂರ್ಸಿ, ಬಿಟ್ಟು ಬಿಟ್ಟು ಒತ್ತದೇ ಇದ್ರೆ ಅಂಕ ಕಟ್ ಮಾಡ್ಬೇಕು ನಾನು. ಸರಿಯಾಗಿ ತುಳಿದವನು ಫೇಲು. ಗೊತ್ತಾ ನಿಮಗೆ?”

“ಎರಡು ಸಾವಿರ ಹಾಳೆ ಅಚ್ಚಾಗಿವೆ. ಮುಗೀಲಿ, ನೋಡೋಣ.” ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮ ಶಿಷ್ಯ ಹಾಗೆ ಮಾಡ್ತಿದ್ದಾನೆ, ನೀವು ತಾಳ ಹಾಕ್ತಿದ್ದೀರಿ.”

“ಅವನು ಚೆನ್ನಾಗೇ ಕುಣಿದ ಸಾರ್. ಹತ್ತಕ್ಕೆ ಹತ್ತು ಕುಣಿದ. ಡೊಂಕಾಗಿದ್ದು ನಾನು. ನಿಮ್ಮ ಬೀರು ಕೂಡ.”

ಸಾಹೇಬರು ಹಿಂಬಾಗಿಲು ಹಿಡಿಯಲು ಶುರು ಮಾಡಿದ್ದು ಅಂದಿನಿಂದ.

ನರ್ಸಮ್ಮನ ಮನೆಗೂ ಹೋದಳು. ಅಲ್ಲಿ ಬಯ್ಯಲು ಹೋಗಲಿಲ್ಲ. ತಪ್ಪು ತನ್ನದೆಂದು ಹೇಳಲು ಹೋದಳು. ನರ್ಸಮ್ಮ ಎಡಗೈಯಲ್ಲಿ ತಲೆ ಬಾಚಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಬಾಚಣಿಗೆ ಕೆಳಗಿಡದೆ ಎಲ್ಲ ಕೇಳಿಸಿಕೊಂಡಳು.

“ಅವನಿಗೆ ಹತ್ತಕ್ಕೆ ಹತ್ತು ಕೊಟ್ರಂತಲ್ಲ ಅಕ್ಕ” ಎಂದಳು ಕೊನೆಗೆ. “ನಂಗೆ ಎಷ್ಟು ಕೊಡ್ತೀರಿ?”

ಸಿಡಿಲಕ್ಕ ಮೆಟ್ಟಿಲಿಳಿದು ಬಂದಳು. ಆ ಮಾತನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದಳು, ಬೈಗುಳ ತಿಂದವರು ಬೈಗುಳವನ್ನು ಹೇಳಿಕೊಳ್ಳುವ ಹಾಗೆ.

ಆಮೇಲೆ ಅವಳು ಮಾಡಿದ್ದು ಎರಡು ಕೆಲಸ. ಒಂದು, ಅರವತ್ತನಾಲ್ಕು ಡ್ರೈವರುಗಳನ್ನೂ ಒಬ್ಬೊಬ್ಬರನ್ನಾಗಿ ಮಧ್ಯಾಹ್ನದ ಬಿಡುವಿನಲ್ಲಿ ಹಾಸಿನ ಮೇಲೆ ಕೂರಿಸಿ ಕಾಲಿನ ಹಳೇ ಚಾಳಿ ಬಿಡಿಸಿದ್ದು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. “ಹೋದ ವರ್ಷ ಬಿಡು ಬಿಡು ಅಂತ ಬೈತಿದ್ರಿ, ಈ ವರ್ಷ ಬಿಡಬೇಡ ಬಿಡಬೇಡ ಅಂತ ಬೈತೀರಿ. ನಿಮ್ಮ ಬೈಗುಳಕ್ಕೂ ಬ್ರೇಕ್ ಇದ್ಯಾ ಅಕ್ಕ?” ಎಂದು ಹಳಬನೊಬ್ಬ ಕೇಳಿದ. “ಇದೆ. ಒತ್ತಿ ಹಿಡೀಬೇಕು, ನಿಲ್ಲತ್ತೆ. ನೀನು ಒತ್ತಿಲ್ಲ ಇನ್ನೂ” ಎಂದಳು. ಪರೀಕ್ಷೆಯ ಹಾಳೆಯ ಏಳನೇ ಸಾಲಿಗೆ ಎಲ್ಲರಿಗೂ ಸೊನ್ನೆ ಹಾಕಿ, ಪಕ್ಕದಲ್ಲಿ ‘ಸರಿಯಾಗಿ ಮಾಡಿದ್ದಾರೆ’ ಎಂದು ಬರೆದಳು. ಅದಕ್ಕಾಗಿ ಎರಡು ಸಲ ಅವಳಿಗೆ ಎಚ್ಚರಿಕೆಯ ಪತ್ರ ಬಂತು. ಎರಡನ್ನೂ ಜಾರುವ ಹಾಸಿನ ಮೂಲೆ ಹಾರದಂತೆ ಇಟ್ಟಿದ್ದ ಕಲ್ಲಿನ ಕೆಳಗೆ ಸೇರಿಸಿದಳು.

ಇನ್ನೊಂದು, ಬೆಕ್ಕಣ್ಣನಿಂದ ಮೇಲ್ಮನವಿ ಹಾಕಿಸಿ ಅದರ ಹಿಂದೆ ಓಡಾಡಿದ್ದು. ಬೆಕ್ಕಣ್ಣ ಆ ಹೊತ್ತಿಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ. ಮೇಲ್ಮನವಿ ಮಂಡಳಿ ಎರಡು ವರ್ಷದಲ್ಲಿ ನಾಲ್ಕು ದಿನಾಂಕ ಕೊಟ್ಟಿತು, ನಾಲ್ಕನ್ನೂ ಮುಂದಕ್ಕೆ ಹಾಕಿತು. ಒಮ್ಮೆ ಅಧಿಕಾರಿಗೆ ರಜೆ, ಒಮ್ಮೆ ಕಡತ ಸಿಗಲಿಲ್ಲ, ಒಮ್ಮೆ ಸಾಕ್ಷಿ ಬರಲಿಲ್ಲ ಎಂದರು. ಸಾಕ್ಷಿ ಬೆಳಿಗ್ಗೆ ಎಂಟರಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ನಾಲ್ಕನೆಯ ಸಲ ಅವಳಿಗೆ ಕೂರಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮಲಗಿಬಿಟ್ಟಳು. ಗಂಟಿನ ವಿಷಯ ಗೊತ್ತಾದದ್ದು ಆ ವಾರ.

ಕೊನೆಯಲ್ಲಿ ಏನಾಯಿತು ಎಂದು ಮೊದಲೇ ಹೇಳಿಬಿಡಬೇಕು. ಅವಳು ಸತ್ತ ಹನ್ನೆರಡನೇ ದಿನ ಆದೇಶ ಬಂತು. ಬೆಕ್ಕಣ್ಣನಿಗೆ ಲೈಸೆನ್ಸೂ ಕೆಲಸವೂ ವಾಪಸು. ‘ಮಾನವೀಯ ನೆಲೆಯಲ್ಲಿ’ ಎಂದು ಬರೆದಿದ್ದಾರೆ. ಅವಳು ಯಾರ ಕರುಣೆಯನ್ನೂ ಕೇಳಿರಲಿಲ್ಲ. ಅವನದು ತಪ್ಪಲ್ಲ ಎಂದು ಬರೆಯಿರಿ ಎಂದಿದ್ದಳು. ಅದನ್ನು ಬರೆದರೆ ತಪ್ಪು ಯಾರದು ಎಂದೂ ಬರೆಯಬೇಕಾಗುತ್ತಿತ್ತು. ಹೊಸ ಪರೀಕ್ಷೆ ಹಾಳೆಯಲ್ಲಿ ಏಳನೇ ಸಾಲು ಇಲ್ಲ. ಅದನ್ನು ಯಾರು ತೆಗೆಸಿದರು, ಯಾಕೆ ತೆಗೆಸಿದರು ಎಂದು ಎಲ್ಲಿಯೂ ಒಂದು ಅಕ್ಷರವಿಲ್ಲ. ಬೀರು ಈಗಲೂ ಬೀಗ ಹಾಕಿಕೊಂಡಿದೆ. ಆದೇಶಕ್ಕೆ ಆಧಾ​ರವಾದದ್ದು ಮಾತ್ರ ಅವಳ ಹೇಳಿಕೆ, ಕಡತದ ಕಟ್ಟಕಡೆಯ ಪುಟ. ಆ ಪುಟ ಹೇಗೆ ಬಂತೆಂದು ಟೈಲರು ಹೇಳಿದ್ದಾನೆ. ಅವನು ಮಂಚದ ಪಕ್ಕದಲ್ಲೇ ಇದ್ದ.

ಅವಳು ಸಾಯುವ ನಾಲ್ಕು ದಿನ ಮೊದಲು, ಶನಿವಾರ, ಮಂಡಳಿಯ ಅಧಿಕಾರಿ ವಾರ್ಡಿಗೆ ಬಂದರು. ಸಾಕ್ಷಿಗೆ ಬರಲಾಗದಿದ್ದರೆ ತಾವೇ ಹೋಗಬೇಕೆಂದು ನಿಯಮವಿದೆಯಂತೆ. ಎರಡು ವರ್ಷ ಅದು ಯಾರಿಗೂ ನೆನಪಿರಲಿಲ್ಲ. ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. ಸಾಹೇಬರ ಕಚೇರಿಯಿಂದ ಅವಳ ಹೆಸರಿನಲ್ಲಿ ಟೈಪು ಮಾಡಿ ಕೊಟ್ಟಿದ್ದ ಹೇಳಿಕೆಯನ್ನು ಓದಿದರು. ‘ತರಬೇತಿಯಲ್ಲಿ ಕೆಲವು ಕೊರತೆಗಳು ಇದ್ದಿರಬಹುದಾದರೂ, ಚಾಲಕನು ಸಮಯಪ್ರಜ್ಞೆ ತೋರಬಹುದಾಗಿತ್ತು.’

“ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದಾರೆ” ಎಂದಳು ಸಿಡಿಲಕ್ಕ. ದನಿ ಗಂಟಲಿನಿಂದ ಹೊರಗೆ ಬರುತ್ತಿರಲಿಲ್ಲ. “ಹರಿದು ಹಾಕೋಕೆ ನಂಗೆ ಕೈಯಲ್ಲಿ ಶಕ್ತಿ ಇಲ್ಲ. ನೀವೇ ಹರೀರಿ.”

ಅಧಿಕಾರಿ ಹರಿಯಲಿಲ್ಲ, ಮಡಚಿ ಚೀಲಕ್ಕೆ ಹಾಕಿಕೊಂಡರು. “ನೀವು ಹೇಳಿ, ನಾನು ಬರ್ಕೋತೀನಿ. ಆದ್ರೆ ನಂಗೊಂದು ಅರ್ಥ ಆಗಲ್ಲ ತಾಯಿ. ಮುಂದೆ ಮನುಷ್ಯ ಕಾಣ್ತಿದ್ದಾನೆ. ಬ್ರೇಕ್ ಮೇಲೆ ಕಾಲಿದೆ. ಅಂಥಾ ಹೊತ್ತಲ್ಲಿ ಯಾರಾದ್ರೂ ಕಾಲು ತೆಗೀತಾರಾ?”

ಸಿಡಿಲಕ್ಕ ಗಂಡನಿಗೆ ಕಣ್ಣಿನಲ್ಲೇ ಹೇಳಿದಳು. ಅವನು ಅವಳ ಬೆನ್ನ ಹಿಂದೆ ದಿಂಬು ಇಟ್ಟು ಕೂರಿಸಿದ. ಅವಳು ಬಲಗೈಯನ್ನು ಮುಂದೆ ಚಾಚಿ ಅಂಗೈ ನಿಲ್ಲಿಸಿದಳು.

“ನಿಮ್ಮ ಕೈ ಇಡಿ ಸಾರ್. ಒತ್ತಿ.”

ಅಧಿಕಾರಿ ಪೆನ್ನು ಕೆಳಗಿಟ್ಟು ಅಂಗೈಗೆ ಅಂಗೈ ಇಟ್ಟರು. ಮೆಲ್ಲಗೆ ಒತ್ತಿದರು.

“ಜೋರಾಗಿ. ಮುಂದೆ ಮನುಷ್ಯ ಇದ್ದಾನೆ. ಏನೇ ಆದ್ರೂ ಬಿಡ್ಬೇಡಿ.”

ಅವರು ಒತ್ತಿದರು. ಅವಳು ಇದ್ದಬದ್ದ ಬಲವನ್ನೆಲ್ಲ ಮೊಣಕೈಗೆ ತಂದು ತನ್ನ ಅಂಗೈಯನ್ನು ಗಡಗಡ ನಡುಗಿಸಿದಳು. ಮಂಚದ ಕಂಬಿ ಕಿರಗುಟ್ಟಿತು. ಅಧಿಕಾರಿ ಸರಕ್ಕನೆ ಕೈ ಹಿಂದೆಗೆದುಕೊಂಡರು.

“ಬಿಟ್ರಿ” ಎಂದಳು.

“ನಿಮಗೆ ನೋವಾಯ್ತೇನೋ ಅಂತ—”

“ಬಿಡ್ಬೇಡಿ ಅಂತ ಹೇಳಿದ್ದೆ. ಆದ್ರೂ ಬಿಟ್ರಿ. ಅವನಿಗೆ ನಾನು ಬಿಡು ಅಂತಾನೇ ಹೇಳ್ಕೊಟ್ಟಿದ್ದೆ.”

ಅಧಿಕಾರಿ ತಮ್ಮ ಅಂಗೈಯನ್ನು ನೋಡಿಕೊಂಡರು. ಪಕ್ಕದ ಮಂಚದ ರೋಗಿಯೂ ನೋಡುತ್ತಿದ್ದಳು. ಆಮೇಲೆ ಅವರು ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ಅವಳು ಒಂದೊಂದೇ ವಾಕ್ಯ ಹೇಳಿದಳು, ನಡುವೆ ಉಸಿರು ತೆಗೆದುಕೊಳ್ಳುತ್ತ. ಚಾಲಕ ತನಗೆ ಕಲಿಸಿದಂತೆಯೇ ಮಾಡಿದ. ಕಲಿಸಿದ್ದು ಈ ಗಾಡಿಗೆ ತಪ್ಪಾಗಿತ್ತು. ಕಲಿಸಿದವಳು ನಾನು. ಗಾಡಿಯ ಪುಸ್ತಕ ನನಗೆ ಕೊಡಲಿಲ್ಲ, ನಾನೂ ಜಗಳವಾಡಿ ಕೇಳಲಿಲ್ಲ. ಅರ್ಧ ಪುಟವಾಯಿತು.

ಸಹಿಗೆಂದು ಹಾಳೆ ಕೊಟ್ಟಾಗ ಅವಳು ಕನ್ನಡಕ ಕೇಳಿದಳು. ಟೈಲರು ಹಾಕಿದ. ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದಳು. ‘ಕಲಿಸಿದವಳು ನಾನು’ ಎಂಬುದನ್ನು ಅಧಿಕಾರಿ ಬರೆದಿರಲಿಲ್ಲ, ಸಂಕೋಚದಿಂದ ಬಿಟ್ಟಿದ್ದರು. ಸಿಡಿಲಕ್ಕ ಪೆನ್ನು ಕಸಿದುಕೊಂಡು, ವಕ್ರವಕ್ರ ಅಕ್ಷರದಲ್ಲಿ ತಾನೇ ಅದನ್ನು ಬರೆದು, ಅದರ ಕೆಳಗೆ ಸಹಿ ಹಾಕಿದಳು.